ಪಾಸ್‌ವರ್ಡ್: ಕಟ್ಟುವುದು ಹೇಗೆ, ಕಾಯುವುದು ಹೇಗೆ?



ಕಾಲೇಜು ಪ್ರವೇಶದ ದಿನಗಳಲ್ಲಿ ಹೆಗ್ಗಡದೇವನಕೋಟೆ ಪಟ್ಟಣದ ಯಾವುದಾದರೂ ಸೈಬರ್ ಸೆಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಅಂತರಸಂತೆ, ಹಂಪಾಪುರ, ಎನ್. ಬೇಗೂರು, ಇನ್ನೂ ದೂರದ ಡಿ.ಬಿ. ಕುಪ್ಪೆ ಕಡೆಯಿಂದ ಬಂದ ಹುಡುಗ ಹುಡುಗಿಯರು ಆಧಾರ್ ಪ್ರತಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಹಿಡಿದು ಸರದಿಗಾಗಿ ಕಾಯುತ್ತಿರುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರವೇಶ, ಪರೀಕ್ಷಾ ಶುಲ್ಕ ಎಲ್ಲವೂ ಈಗ ಗಣಕಯಂತ್ರದ ಮೂಲಕವೇ ಆಗಬೇಕು.

ಹಾಡಿಯೊಂದರಿಂದ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಅವಳ ಸರದಿ ಬಂತು. "ಪಾಸ್‌ವರ್ಡ್ ಏನಿಡ್ಲಮ್ಮಾ?" ಎಂದು ಸೆಂಟರಿನವರು ಕೇಳಿದರು. "ನೀವೇ ಏನಾದ್ರೂ ಇಡಿ ಅಣ್ಣಾ" ಎಂದಳು. ಅವಳ ಹೆಸರು, ಅದರ ಮುಂದೆ 123 ಎಂದು ಇಟ್ಟರು. ಅವಳಿಗೆ ಫೋನ್ ಇರಲಿಲ್ಲ, ಆದ್ದರಿಂದ ಮಾವನ ಮೊಬೈಲ್ ಸಂಖ್ಯೆ ಕೊಟ್ಟಳು. ಪಾಸ್‌ವರ್ಡನ್ನು ರಸೀದಿಯ ಹಿಂಬದಿಯಲ್ಲಿ ಗೀಚಿಕೊಟ್ಟರು. ಕೆಲಸ ಮುಗಿಯಿತು.

ಮುಂದಿನ ವರ್ಷ ಅರ್ಜಿಯನ್ನು ನವೀಕರಿಸಬೇಕು. ರಸೀದಿ ಮಳೆಯಲ್ಲಿ ನೆನೆದು ಹೋಗಿದೆ. ಮಾವ ಆ ಸಿಮ್‌ಗೆ ರೀಚಾರ್ಜ್ ಮಾಡಿಸಿಲ್ಲ. ಹೊಸ ಪಾಸ್‌ವರ್ಡ್ ಕೇಳಿದರೆ ಓಟಿಪಿ ಹೋಗುವುದು ಆ ಸತ್ತ ಸಂಖ್ಯೆಗೆ. ಕೊನೆಯ ದಿನಾಂಕ ಹತ್ತಿರ ಬಂದಿದೆ. ಅವಳ ಹಾಸ್ಟೆಲ್ ಖರ್ಚು ಹುಟ್ಟಬೇಕಾದದ್ದು ಅದೇ ಹಣದಿಂದ. ಇಲ್ಲಿ ಯಾವ ಕಳ್ಳನೂ ಬಂದಿಲ್ಲ. ಯಾರೂ ಮೋಸ ಮಾಡಿಲ್ಲ. ಆದರೂ ಬಾಗಿಲು ಮುಚ್ಚಿತು.

ಆದ್ದರಿಂದ ಪಾಸ್‌ವರ್ಡ್ ಎಂಬುದು ಪಟ್ಟಣದ ಕಂಪನಿಗಳಲ್ಲಿ ಕೆಲಸ ಮಾಡುವವರ ವಿಷಯ ಮಾತ್ರ ಎಂದು ತಿಳಿಯಬೇಡಿ. ಒಳ್ಳೆಯ ಪಾಸ್‌ವರ್ಡ್‌ಗೆ ಎರಡು ಗುಣ ಇರಬೇಕು. ಅದು ಬೇರೆಯವರಿಗೆ ಸಿಗಬಾರದು, ನಿಮಗೆ ಸಿಗದೇ ಹೋಗಬಾರದು. ಈ ಎರಡನ್ನೂ ಸಾಧಿಸುವುದು ಹೇಗೆಂದು ಒಂದೊಂದಾಗಿ ನೋಡೋಣ.

ಗುಪ್ತಪದ ಬಂದ ಬಗೆ

ಗಣಕಯಂತ್ರಕ್ಕೆ ಗುಪ್ತಪದ ಬಂದದ್ದು 1961ರ ಸುಮಾರಿಗೆ, ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ. ಆಗ ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕದಿರಲೆಂದು ಫರ್ನಾಂಡೋ ಕೋರ್ಬಟೋ ಅವರ ತಂಡ ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟಿತು. ಅದು ಹೆಚ್ಚು ದಿನ ಗುಪ್ತವಾಗಿ ಉಳಿಯಲಿಲ್ಲ. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧಕನಿಗೆ ತನಗೆ ಸಿಗುತ್ತಿದ್ದ ಯಂತ್ರದ ಸಮಯ ಸಾಲದಾಯಿತು. ಎಲ್ಲರ ಗುಪ್ತಪದಗಳಿದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಆದೇಶ ಕೊಟ್ಟ. ಯಂತ್ರ ಮುದ್ರಿಸಿಕೊಟ್ಟಿತು! ಎಲ್ಲವನ್ನೂ ಇದ್ದದ್ದು ಇದ್ದ ಹಾಗೆಯೇ ಬರೆದಿಟ್ಟದ್ದೇ ಅಲ್ಲಿನ ತಪ್ಪು.

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ನಿಮ್ಮ ಮನೆಯ ಹಿರಿಯರು ತಾಲ್ಲೂಕು ಕಚೇರಿಯಿಂದ ಪಹಣಿ ತರುವುದನ್ನು ನೀವು ನೋಡಿರಬಹುದು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಆ ದಾಖಲೆಗಳನ್ನು ಗಣಕಕ್ಕೆ ಏರಿಸಿದ್ದು ಕರ್ನಾಟಕದ 'ಭೂಮಿ' ಯೋಜನೆ. 2002ರ ವೇಳೆಗೆ ಅದು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಒಳಗೊಂಡಿತ್ತು. ಅಲ್ಲಿ ದಾಖಲೆ ತಿದ್ದುವ ಸಿಬ್ಬಂದಿ ಗಣಕದೊಳಗೆ ಪ್ರವೇಶಿಸಲು ಬೆರಳಚ್ಚು ಕೊಡಬೇಕಿತ್ತು. ಏಕೆ? ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದು, ಕೆಲಸ ಕೆಟ್ಟ ಮೇಲೆ "ಅದು ನಾನಲ್ಲ" ಎನ್ನಬಹುದು. ಬೆರಳನ್ನು ಎರವಲು ಕೊಡಲಾಗದು. ಪಾಸ್‌ವರ್ಡ್ ಎಂದರೆ ಸಹಿ ಇದ್ದ ಹಾಗೆ ಎಂಬ ಮಾತು ಇದರಿಂದ ಸ್ಪಷ್ಟವಾಗುತ್ತದೆ. ನಿಮ್ಮ ಪಾಸ್‌ವರ್ಡ್ ಹಾಕಿ ಯಾರು ಏನು ಮಾಡಿದರೂ ದಾಖಲೆಯಲ್ಲಿ ಉಳಿಯುವುದು ನಿಮ್ಮ ಹೆಸರೇ.

ರಾಗಿ, ಹಿಟ್ಟು ಮತ್ತು ಉಪ್ಪು

ಇಂದು ಒಳ್ಳೆಯ ಜಾಲತಾಣಗಳು ನಿಮ್ಮ ಪಾಸ್‌ವರ್ಡನ್ನು ಹಾಗೆಯೇ ಬರೆದಿಡುವುದಿಲ್ಲ. ಅದನ್ನು ಬೀಸಿ ಇಡುತ್ತವೆ. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ, ಹಿಟ್ಟಿನಿಂದ ಮತ್ತೆ ಕಾಳು ಬರುವುದಿಲ್ಲ. ಹಾಗೆಯೇ ಪಾಸ್‌ವರ್ಡನ್ನು ಒಂದು ಗಣಿತ ವಿಧಾನಕ್ಕೆ ಒಳಪಡಿಸಿದರೆ ಉದ್ದನೆಯ ಅಕ್ಷರ ಸರಣಿಯೊಂದು ಸಿಗುತ್ತದೆ. ಇದಕ್ಕೆ 'ಹ್ಯಾಶ್' ಎನ್ನುತ್ತಾರೆ. ಒಂದೇ ಪಾಸ್‌ವರ್ಡ್ ಕೊಟ್ಟರೆ ಪ್ರತಿಸಲವೂ ಒಂದೇ ಹ್ಯಾಶ್ ಬರುತ್ತದೆ, ಆದರೆ ಹ್ಯಾಶ್‌ನಿಂದ ಹಿಂದಕ್ಕೆ ಹೋಗುವ ದಾರಿ ಇಲ್ಲ. ನೀವು ಪಾಸ್‌ವರ್ಡ್ ಹಾಕಿದಾಗ ತಾಣವು ಅದನ್ನು ಮತ್ತೆ ಬೀಸಿ, ತನ್ನಲ್ಲಿರುವ ಹಿಟ್ಟಿಗೂ ಇದಕ್ಕೂ ತಾಳೆ ನೋಡುತ್ತದೆ.

ಹಾಗಾದರೆ ಕಳ್ಳ ಏನು ಮಾಡುತ್ತಾನೆ? ಕದ್ದ ಹಿಟ್ಟನ್ನು ಎದುರಿಗಿಟ್ಟುಕೊಂಡು, ತಾನೇ ಬಗೆಬಗೆಯ ಕಾಳುಗಳನ್ನು ಬೀಸಿ ನೋಡುತ್ತಾನೆ. ಯಾವುದು ತಾಳೆಯಾಯಿತೋ ಅದೇ ನಿಮ್ಮ ಪಾಸ್‌ವರ್ಡ್. ಇದನ್ನು ಕಷ್ಟಪಡಿಸಲು ತಾಣಗಳು ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ 'ಉಪ್ಪು' ಸೇರಿಸುತ್ತವೆ. ತಂತ್ರಜ್ಞರೇ ಇದನ್ನು ಉಪ್ಪು ಎಂದು ಕರೆಯುತ್ತಾರೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಅವರ ಹಿಟ್ಟು ಬೇರೆಯಾಗುತ್ತದೆ, ಕಳ್ಳ ಒಬ್ಬೊಬ್ಬರಿಗೂ ಹೊಸದಾಗಿ ಬೀಸಬೇಕಾಗುತ್ತದೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಈ ಉಪಾಯವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು.

ಆದರೆ ಎಲ್ಲ ತಾಣಗಳೂ ಇಷ್ಟು ಎಚ್ಚರ ವಹಿಸುತ್ತವೆ ಎಂದು ನಂಬಿ ಕೂರುವಂತಿಲ್ಲ. 2009ರಲ್ಲಿ 'ರಾಕ್‌ಯೂ' ಎಂಬ ಕಂಪನಿಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್‌ಗಳು ಸೋರಿದವು. ಅಲ್ಲಿ ಅವು ಬೀಸದ ಕಾಳುಗಳಾಗಿಯೇ ಇದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದದ್ದು 123456. ಸುಮಾರು 2 ಲಕ್ಷ 90 ಸಾವಿರ ಜನರ ಪಾಸ್‌ವರ್ಡ್ ಅದೇ ಆಗಿತ್ತು! ಕಳ್ಳರು ಈಗ ಮೊದಲು ಪ್ರಯತ್ನಿಸುವುದು ಇಂಥ ಸೋರಿದ ಪಟ್ಟಿಗಳನ್ನೇ. ಹೆಸರು, ಊರು, ಹುಟ್ಟಿದ ವರ್ಷ, ನೆಚ್ಚಿನ ನಟ, ಕೊನೆಗೊಂದು 123, 'ಎ' ಅಕ್ಷರದ ಬದಲು @ ಚಿಹ್ನೆ — ಇವೆಲ್ಲ ಅವರಿಗೆ ಚೆನ್ನಾಗಿ ಗೊತ್ತಿರುವ ಜಾಣತನಗಳು.

ಒಂದು ತಾಣದಲ್ಲಿ ಸೋರಿದ ಪಾಸ್‌ವರ್ಡನ್ನು ಅವರು ಬೇರೆ ನೂರು ತಾಣಗಳಲ್ಲೂ ಹಾಕಿ ನೋಡುತ್ತಾರೆ. ಆದ್ದರಿಂದ ಯಾವುದೋ ಆಟದ ಆ್ಯಪ್‌ಗೆ ಇಟ್ಟ ಪಾಸ್‌ವರ್ಡನ್ನೇ ಇಮೇಲಿಗೂ ಇಟ್ಟರೆ, ಆಟದವರ ಅಜಾಗ್ರತೆಗೆ ನಿಮ್ಮ ಇಮೇಲ್ ಬಲಿಯಾಗುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬುದು ಮೊದಲ ನಿಯಮ.

ಲೆಕ್ಕ ಹಾಕಿ ನೋಡೋಣ

ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬುದು ಅಂದಾಜಿನ ಮಾತಲ್ಲ. ನೀವು ಪಿಯುಸಿ ಗಣಿತದಲ್ಲಿ ಓದುವ ಕ್ರಮಯೋಜನೆಯ ಲೆಕ್ಕವೇ ಇದು. ಕಳ್ಳನ ಯಂತ್ರ ಸೆಕೆಂಡಿಗೆ 1,000 ಕೋಟಿ ಊಹೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಳ್ಳೋಣ. ಬೀಸುವ ವಿಧಾನ ಹಳೆಯದೂ ಸುಲಭದ್ದೂ ಆಗಿದ್ದರೆ ಇಂದಿನ ಗ್ರಾಫಿಕ್ಸ್ ಕಾರ್ಡುಗಳಿಗೆ ಈ ವೇಗ ದೊಡ್ಡದಲ್ಲ. ಅಕ್ಷರಗಳನ್ನು ಕಣ್ಣುಮುಚ್ಚಿ ಆರಿಸಿದ್ದೇವೆ ಎಂದೂ ಭಾವಿಸೋಣ.

8 ಸಣ್ಣ ಇಂಗ್ಲಿಷ್ ಅಕ್ಷರಗಳು: 26ನ್ನು 8 ಬಾರಿ ಗುಣಿಸಿದರೆ ಸುಮಾರು 20,882 ಕೋಟಿ. ಎಲ್ಲವನ್ನೂ ಪರೀಕ್ಷಿಸಲು 21 ಸೆಕೆಂಡು ಸಾಕು.

ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿದ 95 ಗುರುತುಗಳಿಂದ 8 ಅಕ್ಷರಗಳು: ಸುಮಾರು ಏಳೂವರೆ ದಿನ.

ಬರೀ ಸಣ್ಣಕ್ಷರಗಳೇ, ಆದರೆ 12: ಸುಮಾರು 110 ದಿನ.

ಬರೀ ಸಣ್ಣಕ್ಷರಗಳೇ, ಆದರೆ 16: ಸುಮಾರು 1 ಲಕ್ಷ 38 ಸಾವಿರ ವರ್ಷ.

ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡಿ. ನೆನಪಿಡಲಾಗದ ಚಿಹ್ನೆಗಳನ್ನು ತುರುಕುವುದಕ್ಕಿಂತ ನಾಲ್ಕು ಅಕ್ಷರ ಹೆಚ್ಚು ಮಾಡಿದ್ದೇ ಮೇಲಾಯಿತು. ಈ ಪಾಠ ಕಲಿಯಲು ತಜ್ಞರಿಗೂ ಸಮಯ ಹಿಡಿಯಿತು. ಅಮೆರಿಕದ ಮಾನಕ ಸಂಸ್ಥೆ ಎನ್.ಐ.ಎಸ್.ಟಿ. ಹಿಂದೆ ಹೊರಡಿಸಿದ ಮಾರ್ಗಸೂಚಿಯಿಂದಾಗಿ ಚಿಹ್ನೆ, ಅಂಕಿ ಸೇರಿಸಬೇಕು, ಆಗಾಗ ಬದಲಿಸುತ್ತಿರಬೇಕು ಎಂಬ ಪದ್ಧತಿ ಎಲ್ಲೆಡೆ ಹಬ್ಬಿತು. ಜನ ಬೇಸತ್ತು, ಹಳೆಯ ಪಾಸ್‌ವರ್ಡ್‌ನ ಕೊನೆಯಲ್ಲಿ 1, 2, 3 ಎಂದು ಸೇರಿಸುತ್ತ ಹೋದರು. 2017ರಲ್ಲಿ ಅದೇ ಸಂಸ್ಥೆ ಆ ಸಲಹೆಯನ್ನು ಬದಲಿಸಿತು. ಉದ್ದಕ್ಕೆ ಬೆಲೆ ಕೊಡಿ, ಸೋರಿದ ಪಾಸ್‌ವರ್ಡ್‌ಗಳನ್ನು ಬಳಸಬೇಡಿ, ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಿಸುವ ಒತ್ತಾಯ ಬೇಡ ಎಂದಿತು. ಮೂಲ ಮಾರ್ಗಸೂಚಿಯ ಈ ಭಾಗ ಬರೆದಿದ್ದ ಬಿಲ್ ಬರ್ ಅವರೇ ತಾವು ಮಾಡಿದ್ದಕ್ಕೆ ವಿಷಾದಿಸಿದರು.

ದಾಳ ಉರುಳಿಸಿ ಪದ ಕಟ್ಟಿ

ಉದ್ದವೂ ಇರಬೇಕು, ನೆನಪಿನಲ್ಲೂ ಉಳಿಯಬೇಕು. ಇದಕ್ಕೆ 1995ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಒಂದು ಸರಳ ದಾರಿ ತೋರಿಸಿದರು. ಹೆಸರು 'ಡೈಸ್‌ವೇರ್'. 7,776 ಪದಗಳ ಪಟ್ಟಿ ಇರುತ್ತದೆ. ಐದು ಸಲ ದಾಳ ಉರುಳಿಸಿದರೆ ಒಂದು ಪದ ಸಿಗುತ್ತದೆ. ಹೀಗೆ ಆರು ಪದ ಆರಿಸಿ ಸಾಲಾಗಿ ಬರೆದರೆ, ಮೇಲೆ ಹೇಳಿದ ಯಂತ್ರಕ್ಕೆ ಸುಮಾರು 7 ಲಕ್ಷ ವರ್ಷ ಬೇಕು. ಐದು ಪದವಾದರೆ 90 ವರ್ಷ, ನಾಲ್ಕಾದರೆ ಕೇವಲ ನಾಲ್ಕು ದಿನ. ಒಂದೊಂದು ಪದಕ್ಕೂ ಎಷ್ಟು ಬೆಲೆ ಎಂಬುದನ್ನು ಗಮನಿಸಿ.

ಇದನ್ನು ನಿಮ್ಮ ತರಗತಿಯಲ್ಲೇ ಕನ್ನಡದಲ್ಲಿ ಮಾಡಬಹುದು. 54 ವಿದ್ಯಾರ್ಥಿಗಳು ತಲಾ 24 ಪದ ಬರೆದರೆ 1,296 ಪದಗಳಾಗುತ್ತವೆ. ನಾಲ್ಕು ಸಲ ದಾಳ ಉರುಳಿಸಿದಾಗ ಬರುವ ಸಾಧ್ಯತೆಗಳೂ 6×6×6×6, ಅಂದರೆ ಸರಿಯಾಗಿ 1,296. ಮನೆ, ಹೊಲ, ಕಾಡು, ಸಂತೆಯಲ್ಲಿ ಕಾಣುವ ವಸ್ತುಗಳ ಹೆಸರು ಬರೆಯಿರಿ. ಒಂದೇ ಪದ ಎರಡು ಸಲ ಬಾರದಂತೆ ನೋಡಿಕೊಂಡು, ಪ್ರತಿ ಪದಕ್ಕೂ 1111ರಿಂದ 6666ರವರೆಗಿನ ಸಂಖ್ಯೆ ಕೊಡಿ. ನಂತರ ದಾಳ ಹಾಕಿ ಆರೇಳು ಪದ ಆರಿಸಿ. ಉದಾಹರಣೆಗೆ: ತಕ್ಕಡಿ, ಹುಣಸೆ, ಏಣಿ, ಬೆರಣಿ, ಗೂಬೆ, ಚಪ್ಪರ. (ಇದು ಮುದ್ರಣವಾಗಿ ಹೋಗಿದೆ, ದಯವಿಟ್ಟು ಇದನ್ನೇ ಇಟ್ಟುಕೊಳ್ಳಬೇಡಿ!)

ಇಲ್ಲಿ ಮೂರು ಎಚ್ಚರಿಕೆಗಳು. ಮೊದಲನೆಯದಾಗಿ, ಹಾವು-ಏಣಿ ಆಟದ ದಾಳವನ್ನೇ ಬಳಸಿ. ಚೌಕಾಬಾರದ ಕವಡೆ ಬೇಡ, ಏಕೆಂದರೆ ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುವುದಿಲ್ಲ. ಎರಡನೆಯದಾಗಿ, ಬಂದ ಪದ ಇಷ್ಟವಾಗಲಿಲ್ಲ ಎಂದು ಬದಲಿಸಬೇಡಿ. ಮನಸ್ಸು ಆರಿಸುವ ಪದವನ್ನು ಊಹಿಸಬಹುದು, ದಾಳ ಆರಿಸಿದ್ದನ್ನು ಊಹಿಸಲಾಗದು. ಇಡೀ ಪಟ್ಟಿ ಎಲ್ಲರ ಕೈಯಲ್ಲಿದ್ದರೂ ಚಿಂತೆಯಿಲ್ಲ, ಗುಟ್ಟು ಇರುವುದು ನಿಮ್ಮ ದಾಳ ಬಿದ್ದ ರೀತಿಯಲ್ಲಿ. ಮೂರನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಪಾಸ್‌ವರ್ಡನ್ನು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. 'ಹುಣಸೆ'ಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತೀರಿ. ಆದ್ದರಿಂದ ಪಟ್ಟಿಯಲ್ಲೇ ಪ್ರತಿ ಪದಕ್ಕೂ ಒಂದೇ ಕಾಗುಣಿತ ನಿಗದಿ ಮಾಡಿ. ಇಲ್ಲದಿದ್ದರೆ ಪದ ನೆನಪಿದ್ದೂ ಬಾಗಿಲು ತೆರೆಯದು.

ಒಂದು ಹಗೇವು, ಒಂದು ಕಲ್ಲು

ನಿಮಗೆ ಇಮೇಲ್, ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಖಾತೆ, ಪದವಿ ಓದುವವರಿಗೆ ಯುಯುಸಿಎಂಎಸ್, ಡಿಜಿಲಾಕರ್, ಬ್ಯಾಂಕು ಹೀಗೆ ಹತ್ತಾರು ಖಾತೆಗಳಿವೆ. ಪ್ರತಿಯೊಂದಕ್ಕೂ ಆರು ಪದ ನೆನಪಿಡಿ ಎಂದರೆ ಯಾರಿಂದಲೂ ಆಗದು. ಪಾಸ್‌ವರ್ಡ್ ಮ್ಯಾನೇಜರ್ ಹುಟ್ಟಿದ್ದೇ ಇದಕ್ಕಾಗಿ.

ನಮ್ಮ ಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಗುಂಡಿ, ಕಿರಿದಾದ ಬಾಯಿ, ಅದರ ಮೇಲೊಂದು ಕಲ್ಲು, ಸುತ್ತ ಮಣ್ಣಿನ ಮೆತ್ತುಗೆ. ಒಳಗೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶವೂ ಹೀಗೆಯೇ. ಅದು ಪ್ರತಿ ಖಾತೆಗೂ ಉದ್ದವಾದ, ಅರ್ಥವಿಲ್ಲದ ಪಾಸ್‌ವರ್ಡನ್ನು ತಾನೇ ತಯಾರಿಸಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಒಟ್ಟಿಗೆ ಇಡುತ್ತದೆ. ನೀವು ನೆನಪಿಡಬೇಕಾದದ್ದು ಬಾಯಿಯ ಕಲ್ಲನ್ನು ಸರಿಸುವ ಒಂದೇ ಒಂದು ಮುಖ್ಯ ಪಾಸ್‌ವರ್ಡ್. ದಾಳದಿಂದ ಕಟ್ಟಿದ ಪದಗಳನ್ನು ಇಡಬೇಕಾದದ್ದು ಇಲ್ಲೇ.

ಇನ್ನೊಂದು ಲಾಭವಿದೆ. ಸರ್ಕಾರಿ ತಾಣದಂತೆಯೇ ಕಾಣುವ ನಕಲಿ ತಾಣಕ್ಕೆ ನಿಮ್ಮ ಕಣ್ಣು ಮೋಸ ಹೋಗಬಹುದು. ಮ್ಯಾನೇಜರ್ ನೋಡುವುದು ಬಣ್ಣ, ಲಾಂಛನಗಳನ್ನಲ್ಲ, ವಿಳಾಸವನ್ನು. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಾದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಎಂದೂ ತುಂಬುತ್ತಿದ್ದದ್ದು ಇಂದು ಸುಮ್ಮನಿದ್ದರೆ, ನೀವು ಅಲ್ಲೇ ನಿಲ್ಲಬೇಕು.

"ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಅಪಾಯವಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2022ರಲ್ಲಿ 'ಲಾಸ್ಟ್‌ಪಾಸ್' ಎಂಬ ಹೆಸರಾಂತ ಸೇವೆಯಿಂದ ಗ್ರಾಹಕರ ಕಣಜಗಳ ನಕಲನ್ನೇ ಕಳ್ಳರು ಕದ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ತಾಣಗಳ ವಿಳಾಸಗಳು ಹಾಗೆಯೇ ಇದ್ದವು. ಮುಖ್ಯ ಪಾಸ್‌ವರ್ಡ್ ಗಟ್ಟಿಯಿದ್ದವರ ಕಣಜ ಒಡೆಯುವುದು ಕಷ್ಟ, ಸಡಿಲವಿದ್ದವರದು ಸುಲಭ. ಕಲ್ಲು ಭಾರವಾಗಿರಬೇಕು ಎಂಬುದೇ ಇದರ ಪಾಠ. ಒಳ್ಳೆಯ ಮ್ಯಾನೇಜರ್‌ಗಳು ಮುಖ್ಯ ಪಾಸ್‌ವರ್ಡನ್ನು ಬೇಕೆಂದೇ ಲಕ್ಷಾಂತರ ಸಲ ಬೀಸುತ್ತವೆ. 'ಬಿಟ್‌ವಾರ್ಡನ್' 2023ರಿಂದ ಹೊಸ ಖಾತೆಗಳಿಗೆ 6 ಲಕ್ಷ ಸಲ ಬೀಸುವ ಪದ್ಧತಿಯನ್ನು ಇಟ್ಟಿತು. ಇದರಿಂದ ನಿಮಗಾಗುವ ತಡ ಕಣ್ಣಿಗೆ ಕಾಣದಷ್ಟು, ಆದರೆ ಕಳ್ಳನಿಗೆ ಪ್ರತಿ ಊಹೆಯೂ ಲಕ್ಷಾಂತರ ಪಟ್ಟು ದುಬಾರಿ.

ಯಾವುದನ್ನು ಆರಿಸಬೇಕು?

ಮ್ಯಾನೇಜರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದು, ಫೋನು ಅಥವಾ ಬ್ರೌಸರಿನ ಜೊತೆಯಲ್ಲೇ ಬರುವುದು. ಗೂಗಲ್, ಆ್ಯಪಲ್, ಫೈರ್‌ಫಾಕ್ಸ್ ಇವುಗಳನ್ನು ಕೊಡುತ್ತವೆ. ಹಣ ಬೇಡ, ಕಲಿಯುವುದೂ ಸುಲಭ. ಫೋನು ನಿಮ್ಮೊಬ್ಬರದೇ ಆಗಿದ್ದರೆ ಇಲ್ಲಿಂದ ಆರಂಭಿಸಬಹುದು. ಮನೆಯವರೆಲ್ಲ ಒಂದೇ ಫೋನ್ ಬಳಸುವುದಾದರೆ ಇದು ತಕ್ಕದ್ದಲ್ಲ, ಏಕೆಂದರೆ ಪರದೆಯ ಬೀಗ ತಿಳಿದವರೆಲ್ಲರಿಗೂ ಕಣಜ ತೆರೆಯಬಹುದು.

ಎರಡು, ಕಡತದ ರೂಪದಲ್ಲಿ ನಿಮ್ಮ ಬಳಿಯೇ ಇರುವುದು. 2003ರಲ್ಲಿ ಬಂದ 'ಕೀಪಾಸ್' ಮತ್ತು ಅದರ ಬಳಗದ ತಂತ್ರಾಂಶಗಳು ಈ ಬಗೆಯವು. ಉಚಿತ, ಮೂಲಸಂಕೇತವೂ ಮುಕ್ತ. ನೆಟ್‌ವರ್ಕ್ ಇಲ್ಲದ ಕಾಡಂಚಿನ ಊರುಗಳಲ್ಲೂ ಕೆಲಸ ಮಾಡುತ್ತದೆ. ಆದರೆ ಆ ಕಡತದ ನಕಲನ್ನು ಪೆನ್‌ಡ್ರೈವಿನಲ್ಲೋ ಬೇರೆಡೆಯೋ ಇಟ್ಟುಕೊಳ್ಳುವ ಹೊಣೆ ನಿಮ್ಮದೇ. ಹಗೇವಿಗೆ ನೀರು ನುಗ್ಗಿದರೆ ಬೇರೆ ಕಡೆ ರಾಗಿ ಇರಬೇಕಲ್ಲವೇ?

ಮೂರು, ಅಂತರ್ಜಾಲದಲ್ಲಿ ಇಟ್ಟು, ಎಲ್ಲಿಂದಲಾದರೂ ತೆರೆಯಬಹುದಾದದ್ದು. ಬಿಟ್‌ವಾರ್ಡನ್ ಈ ಬಗೆಯದು, ಅದಕ್ಕೆ ಉಚಿತ ಆವೃತ್ತಿಯೂ ಇದೆ. ಫೋನ್ ಕಳೆದುಹೋದರೂ ಕಣಜ ಉಳಿಯುತ್ತದೆ.

ಯಾವುದನ್ನೇ ಆರಿಸುವ ಮುನ್ನ ಐದು ಪ್ರಶ್ನೆ ಕೇಳಿ. ನನ್ನ ಮುಖ್ಯ ಪಾಸ್‌ವರ್ಡ್ ಕಂಪನಿಗೂ ತಿಳಿಯದಂತೆ ಏರ್ಪಾಡಿದೆಯೇ? ಹೊರಗಿನ ತಜ್ಞರು ಅದನ್ನು ಪರೀಕ್ಷಿಸಿದ್ದಾರೆಯೇ? ನೆಟ್‌ವರ್ಕ್ ಇಲ್ಲದಾಗಲೂ ತೆರೆಯುತ್ತದೆಯೇ? ಬೇಡವೆನಿಸಿದರೆ ಎಲ್ಲವನ್ನೂ ಹೊರತೆಗೆದು ಬೇರೆ ಕಡೆ ಹೋಗಬಹುದೇ? ಹಣ ಕೊಡದಿದ್ದರೆ ಬಾಗಿಲು ಮುಚ್ಚುತ್ತದೆಯೇ?

ಸ್ವಂತ ಫೋನ್ ಇಲ್ಲದವರಿಗೆ

ನಿಮ್ಮಲ್ಲಿ ಹಲವರಿಗೆ ಸ್ವಂತ ಫೋನ್ ಇಲ್ಲ. ಅದಕ್ಕೆ ಸಂಕೋಚ ಬೇಡ. ಒಂದು ಚಿಕ್ಕ ನೋಟ್‌ಬುಕ್ಕೂ ಒಳ್ಳೆಯ ಕಣಜವೇ. ಮನೆಯ ಟ್ರಂಕಿನಲ್ಲಿರುವ ಪುಸ್ತಕವನ್ನು ಬೇರೆ ದೇಶದ ಕಳ್ಳ ಕದಿಯಲಾರ. ಪ್ರತಿ ಖಾತೆಗೂ ದಾಳದಿಂದ ಬೇರೆ ಬೇರೆ ಪದ ಕಟ್ಟಿ, ಸ್ಪಷ್ಟವಾಗಿ ಬರೆದಿಡಿ. ಸೈಬರ್ ಸೆಂಟರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗುವಾಗ ಇಡೀ ಪುಸ್ತಕ ಒಯ್ಯಬೇಡಿ. ಬೇಕಾದ ಒಂದನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಹೋಗಿ. "ನಾನೇ ಒತ್ತುತ್ತೇನೆ, ಕೀಬೋರ್ಡ್ ಕೊಡಿ ಅಣ್ಣಾ" ಎಂದು ವಿನಯದಿಂದ ಕೇಳಿ. ಬ್ರೌಸರು "ಪಾಸ್‌ವರ್ಡ್ ಉಳಿಸಲೇ?" ಎಂದರೆ ಬೇಡವೆನ್ನಿ. ಕೆಲಸ ಮುಗಿದ ಮೇಲೆ ಲಾಗ್ಔಟ್ ಮಾಡಿ.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಲವು ತಾಣಗಳಲ್ಲಿ ಮರೆತ ಪಾಸ್‌ವರ್ಡನ್ನು ಮತ್ತೆ ಪಡೆಯುವ ದಾರಿಯೇ ಓಟಿಪಿ. ಖಾತೆಗೆ ತಂದೆಯದೋ ತಾಯಿಯದೋ, ಮುಂದೆಯೂ ಉಳಿಯುವ ಸಂಖ್ಯೆ ಕೊಡಿ. ಸೆಂಟರಿನವರ ಸಂಖ್ಯೆ ಕೊಡಬೇಡಿ. ಸಂಪರ್ಕ ಕಡಿತಗೊಂಡ ಸಿಮ್‌ನ ಸಂಖ್ಯೆ 90 ದಿನಗಳ ಬಳಿಕ ಬೇರೊಬ್ಬರ ಪಾಲಾಗಬಹುದು. ಆಮೇಲೆ ನಿಮ್ಮ ಓಟಿಪಿ ಹೋಗುವುದು ಅವರಿಗೆ. ಫೋನಿನಲ್ಲಿ ಯಾರೇ ಕೇಳಿದರೂ, ಬ್ಯಾಂಕಿನವರೆಂದರೂ ಪೊಲೀಸರೆಂದರೂ, ಓಟಿಪಿ ಹೇಳಬೇಡಿ.

ಕೈತಪ್ಪಿದರೆ

ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದೆ ಎನಿಸಿದರೆ ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದ ಎಷ್ಟೋ ಖಾತೆಗಳ ಬಾಗಿಲು ಅಲ್ಲಿಂದಲೇ ತೆರೆಯುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗೆಳೆಯನ ಖಾತೆಯನ್ನು ತಮಾಷೆಗೆಂದು ತೆರೆಯುವವರೂ ಇದನ್ನು ನೆನಪಿಡುವುದು ಒಳ್ಳೆಯದು.

ಈ ವಾರ ಮಾಡಿ

1. ನಿಮ್ಮ ಹೆಸರಿನಲ್ಲಿ ಯಾವ ಯಾವ ಖಾತೆಗಳಿವೆ, ಪ್ರತಿಯೊಂದಕ್ಕೂ ಯಾರ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ, ಪಟ್ಟಿ ಮಾಡಿ.

2. ತರಗತಿಯ 1,296 ಪದಗಳ ಪಟ್ಟಿ ತಯಾರಿಸಿ. ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿಡಿ.

3. ಇಮೇಲ್ ಮತ್ತು ವಿದ್ಯಾರ್ಥಿವೇತನದ ಖಾತೆಗಳಿಗೆ ಬೇರೆ ಬೇರೆ ಹೊಸ ಪಾಸ್‌ವರ್ಡ್ ಇಡಿ.

4. ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮನೆಯಲ್ಲಿ ಜಮೀನಿನ ಪತ್ರಗಳಿರುವ ಕಡೆ ಇಡಿ.

ಆರಂಭದಲ್ಲಿ ಕಲ್ಪಿಸಿಕೊಂಡ ಆ ವಿದ್ಯಾರ್ಥಿನಿಯನ್ನು ಮತ್ತೊಮ್ಮೆ ನೆನೆಯಿರಿ. ಅವಳಿಗೆ ಬೇಕಿದ್ದದ್ದು ದುಬಾರಿ ಫೋನಲ್ಲ. ಒಂದು ದಾಳ, ಒಂದು ನೋಟ್‌ಬುಕ್ಕು, ಅಮ್ಮನ ಮೊಬೈಲ್ ಸಂಖ್ಯೆ, ಮತ್ತು "ಪಾಸ್‌ವರ್ಡ್ ನಾನೇ ಹಾಕ್ತೀನಿ ಅಣ್ಣಾ" ಎನ್ನುವ ಧೈರ್ಯ, ಇಷ್ಟೇ. ಮುಂದಿನ ಸಲ ಸರದಿಯಲ್ಲಿ ನಿಮ್ಮ ಹಿಂದೆ ನಿಂತ ತಂಗಿಗೋ ತಮ್ಮನಿಗೋ ಈ ಮಾತನ್ನು ಹೇಳಿಕೊಡಿ.